ಇಬ್ಬರೇ ಇದ್ದಾಗ ಹೇಳಿ

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಮೂರು ದಿನ ಆಯಿತು. ಹೊಟ್ಟೆಯೊಳಗಿನ ಉರಿ ಇನ್ನೂ ಆರಿಲ್ಲ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಪೂಜೆಯಲ್ಲಿ ಬೈಬಲ್‌ನಿಂದ ಓದುವ ಎರಡನೇ ವಾಚನಕ್ಕೆ ಒಂದು ಹುಡುಗಿ ನಿಂತಿದ್ದಳು. ಏಳನೇ ಕ್ಲಾಸು. ಹತ್ತಿರದ ಕಾಫಿ ತೋಟದ ಲೈನ್ ಮನೆಯವಳು, ಅಂದರೆ ಕೂಲಿಯವರ ಸಾಲು ಮನೆಯವಳು. ಓದೋಕೆ ನಿಂತದ್ದು ಇದೇ ಮೊದಲು. "ಸಂತ ಪೌಲನು ಕೊಲೊ... ಕೊಲೊಸೆ..." ಅಂತ ತಡವರಿಸಿದಳು. ಮೂರನೇ ಸಲಕ್ಕೆ "ಕೊಲೊಸ್ಸೆಯರಿಗೆ" ಅಂದು ಮುಂದೆ ಹೋದಳು. ಆಮೇಲೂ ಎರಡು ಕಡೆ ನಿಂತಳು. ಆದರೂ ಪೂರ್ತಿ ಓದಿದಳು. ನಾನು ಟೀಚರ್ ಆಗಿದ್ದವಳು, ನಿಮಗೆ ಗೊತ್ತಲ್ಲ. ಮೊದಲ ಸಲ ನಿಂತ ಮಗು ಅಳದೆ ಕೊನೆ ಸಾಲು ಮುಟ್ಟಿದರೆ ನನಗೆ ಅದೇ ದೊಡ್ಡದು.

ಹೊರಗೆ ಜೋರು ಮಳೆ. ಎಲ್ಲರೂ ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದೆವು. ಆಗ ನಮ್ಮ ಹಿರಿಯರೊಬ್ಬರು ಅವಳನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಓದೋಕೆ ಬರಲ್ಲ ಅಂದ್ರೆ ಅಲ್ಲಿ ಯಾಕಮ್ಮಾ ಹತ್ತಬೇಕಿತ್ತು? ದೇವರ ವಾಕ್ಯ ಹಾಳು ಮಾಡ್ಬಿಟ್ಟೆ" ಅಂದರು. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ತಿರುಗಿ, "ಲೈನ್ ಮನೆ ಮಕ್ಕಳನ್ನ ನಿಲ್ಲಿಸಿದ್ರೆ ಹೀಗೇ ಆಗೋದು" ಅಂದರು. ತಾಯಿ ಪಕ್ಕದಲ್ಲೇ ಇದ್ದಳು. ಕೊಡೆ ಬಿಚ್ಚಿ, ಮಗಳ ಕೈ ಹಿಡಿದು, ಆ ಮಳೆಯಲ್ಲೇ ಹೊರಟುಬಿಟ್ಟಳು.

ಆ ಮಗು ಓದಿದ್ದು ಏನು ಗೊತ್ತಾ? ಕೊಲೊಸ್ಸೆಯರಿಗೆ ಬರೆದ ಪತ್ರದ 3ನೇ ಅಧ್ಯಾಯ. ಗ್ರೀಕ, ಯೆಹೂದ್ಯ ಅಂತಿಲ್ಲ, ದಾಸ, ಸ್ವತಂತ್ರ ಅಂತಿಲ್ಲ, ಎಲ್ಲರಲ್ಲೂ ಇರುವುದು ಕ್ರಿಸ್ತನೇ ಅಂತ ಪೌಲ ಬರೆದ ಭಾಗ. ಅದನ್ನು ಕೇಳಿ ಒಂದು ಗಂಟೆ ಕೂಡ ಆಗಿರಲಿಲ್ಲ, "ಲೈನ್ ಮನೆ" ಅನ್ನುವ ಮಾತು ಬಂತು. ಅದೇ ಅಧ್ಯಾಯದ 8ನೇ ವಚನ ಅವತ್ತಿನ ವಾಚನದಲ್ಲಿ ಸೇರಿರಲಿಲ್ಲ. ಮನೆಗೆ ಬಂದು ತೆಗೆದು ನೋಡಿದೆ. ಸಿಟ್ಟು, ದೂಷಣೆ, ಬಾಯಿಂದ ಬರುವ ಕೆಟ್ಟ ಮಾತು, ಎಲ್ಲ ಬಿಟ್ಟುಬಿಡಿ ಅಂತಿದೆ. ಪೂಜೆಯಲ್ಲಿ ಪರಮಪ್ರಸಾದ, ಕ್ರಿಸ್ತನ ಶರೀರವಾದ ರೊಟ್ಟಿ, ತೆಗೆದುಕೊಂಡ ನಾಲಿಗೆ ಅದು! ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಮಾತು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪರ ಕೆಳಗಿನ ಪ್ರದೇಶ, ಆದದ್ದು 1963ರಲ್ಲಿ. ಅದಕ್ಕೂ ಎಷ್ಟೋ ಮುಂಚೆಯಿಂದ ಕೊಂಕಣಿ, ತಮಿಳು, ತುಳು ಮಾತಾಡುವ ಬಡವರು ಕೆಲಸ ಹುಡುಕಿಕೊಂಡು ಈ ತೋಟಗಳಿಗೆ ಬಂದಿದ್ದಾರೆ. ಈ ಹುಡುಗಿಯ ಮನೆಮಾತು ತಮಿಳು. ಕನ್ನಡ ಅವಳು ಶಾಲೆಯಲ್ಲಿ ಕಲಿತದ್ದು. ಕಲಿತ ಭಾಷೆಯಲ್ಲಿ, ಅಷ್ಟು ಜನರ ಎದುರು, ಎಲ್ಲೋ ಟರ್ಕಿಯಲ್ಲಿದ್ದ ಹಳೇ ಊರಿನ ಹೆಸರು ತಪ್ಪಿತು. ಇಷ್ಟೇ ಅಲ್ವಾ ಆದದ್ದು?

ಗೆಳತಿಯೊಬ್ಬಳು ಫೋನಿನಲ್ಲಿ ಸಮಾಧಾನ ಹೇಳಿದಳು. "ಅವರ ಬಾಯಿ ಹಾಗೆ ಕಣೇ, ಮನಸ್ಸು ಒಳ್ಳೇದು. ಯೇಸುಸ್ವಾಮಿಯೇ ಆ ಕಾಲದ ಕಟ್ಟಾ ಧಾರ್ಮಿಕರಾದ ಫರಿಸಾಯರನ್ನ ಸುಣ್ಣ ಬಳಿದ ಸಮಾಧಿಗಳು ಅಂತ ಬೈದಿಲ್ವಾ?" ಬೈದರು, ನಿಜ. ಆದರೆ ಯಾರನ್ನು? ಬೇರೆಯವರ ಹೆಗಲಿಗೆ ಭಾರ ಹೊರಿಸಿ ತಾವು ಬೆರಳೂ ತಾಗಿಸದವರನ್ನು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಒಬ್ಬ ಹೆಂಗಸನ್ನು ಗುಂಪಿನ ನಡುವೆ ಎಳೆತಂದು ನಿಲ್ಲಿಸಿದಾಗ ಅದೇ ಯೇಸು ಬಗ್ಗಿ ನೆಲದ ಮೇಲೆ ಬರೆಯುತ್ತಾ ಕೂತರು. "ಇನ್ನು ಪಾಪ ಮಾಡಬೇಡ" ಅಂತ ಅವಳಿಗೆ ಹೇಳಿದ್ದು ಯಾವಾಗ? ಕಲ್ಲು ಹಿಡಿದು ಬಂದವರೆಲ್ಲ ಹೋದ ಮೇಲೆ. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲೂ ಅದೇ ಇದೆ. ನಿನ್ನ ಸಹೋದರ ತಪ್ಪು ಮಾಡಿದರೆ, ಇಬ್ಬರೇ ಇರುವಾಗ ಹೋಗಿ ಹೇಳು. ಇನ್ನು ಬಾಯಿ ಬೇರೆ, ಮನಸ್ಸು ಬೇರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೃದಯದಲ್ಲಿ ತುಂಬಿದ್ದೇ ಬಾಯಿಗೆ ಬರುತ್ತದೆ ಅಂದವರೂ ಯೇಸುವೇ.

ಬಾಬಾಬುಡನ್‌ಗಿರಿ ಕಡೆ ಬೇಸಿಗೆಯಲ್ಲಿ ಹುಲ್ಲು ಹೊತ್ತಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ಬೀಡಿ ತುಂಡು ಸಾಕು. ಸಂತ ಯಕೋಬ ನಾಲಿಗೆಯನ್ನು ಹೋಲಿಸಿದ್ದು ಇಂಥ ಕಿಚ್ಚಿಗೇ. ಆದರೆ ಸುಟ್ಟ ಗುಡ್ಡ ಮುಂಗಾರು ಬಿದ್ದರೆ ಮತ್ತೆ ಹಸಿರಾಗುತ್ತದೆ. ಎಷ್ಟೋ ಮಕ್ಕಳು ಒಂದು ಮಾತಿಗೆ ಬಾಯಿ ಮುಚ್ಚಿ ಹಿಂದಿನ ಬೆಂಚಿಗೆ ಹೋಗಿ ಕೂತದ್ದನ್ನು ನಾನು ಕ್ಲಾಸಿನಲ್ಲಿ ಕಂಡಿದ್ದೇನೆ. ಅವರಲ್ಲಿ ತುಂಬಾ ಜನ ಮುಂದೆ ಬರಲೇ ಇಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನಾನೂ ಅಲ್ಲೇ ಎರಡು ಮಾರು ದೂರದಲ್ಲಿದ್ದೆ. ಸುಮ್ನೆ ನಿಂತೆ. ಬೈಬಲ್‌ನ ಸಿರಾಖನ ಗ್ರಂಥದಲ್ಲಿ ಒಂದು ಮಾತಿದೆ. ಕಿಡಿಯನ್ನು ಊದಿದರೆ ಉರಿಯುತ್ತದೆ, ಅದರ ಮೇಲೆ ಉಗುಳಿದರೆ ಆರುತ್ತದೆ, ಎರಡೂ ಬರುವುದು ಒಂದೇ ಬಾಯಿಂದ. "ಚೆನ್ನಾಗಿ ಓದಿದೆ ಮಗಳೇ" ಅಂತ ಜೋರಾಗಿ ಒಂದು ಮಾತು ಅಂದಿದ್ದರೆ ಆ ಕಿಡಿ ಅಲ್ಲೇ ಆರುತ್ತಿತ್ತು. ಹಿರಿಯರ ಎದುರು ಯಾಕೆ ಅಂತ ನಾನು ಬಾಯಿ ಬಿಡಲಿಲ್ಲ. ಅವರ ಮಾತಿಗಿಂತ ಜಾಸ್ತಿ ನನ್ನ ಮೌನವೇ ಈಗ ಚುಚ್ಚುತ್ತಿದೆ.

ಇದನ್ನು ಬರೆಯುವ ಮೊದಲು ನಿನ್ನೆ ಆ ಹಿರಿಯರ ಮನೆಗೆ ಹೋಗಿದ್ದೆ. ಒಬ್ಬಳೇ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದೆ. ತುಂಬಾ ಹೊತ್ತು ಅವರು ಮಾತಾಡಲಿಲ್ಲ. ಬರೆಯುತ್ತೇನೆ ಅಂದಾಗ, "ಬರೀರಿ ಟೀಚರ್, ಹೆಸರು ಬೇಡ" ಅಂದರು. ಕಮೆಂಟಿನಲ್ಲೂ ಯಾರೂ ಕೇಳಬೇಡಿ.

ಅಲ್ಲಿಂದ ಲೈನ್ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟಳು. ಹುಡುಗಿ ಬೈಬಲ್ ತಂದು ನನ್ನ ಪಕ್ಕ ಕೂತಳು. ಕೊ-ಲೊ-ಸ್ಸೆ-ಯ-ರಿ-ಗೆ ಅಂತ ಬಿಡಿಸಿ ಓದಿದೆವು. ಎರಡನೇ ಸಲಕ್ಕೆ ಸರಿಯಾಗಿ ಹೇಳಿದಳು. "ಮುಂದಿನ ತಿಂಗಳು ಮತ್ತೆ ಓದ್ತೀಯಾ?" ಅಂದೆ. ತಾಯಿಯ ಮುಖ ನೋಡಿದಳು. ಏನೂ ಹೇಳಲಿಲ್ಲ.