ಸಮಯಾವಕಾಶವಿದ್ದಲ್ಲಿ ಹಾರಾಟ

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಿದೆ. ನಾಲ್ಕು ಪುಟ, ಮಿರಮಿರ ಮಿಂಚುವ ಕಾಗದ. 'ನಮ್ಮೂರ ಹೆಮ್ಮೆಯ ಯುವಕ ಸ್ವಂತ ಕೈಯಿಂದ ತಯಾರಿಸಿದ ಹೆಲಿಕಾಪ್ಟರಿನ ಲೋಕಾರ್ಪಣೆ.' ಕೊಟ್ಟಿಗೆಯಲ್ಲಿ ನಿಂತಿರುವುದು ಗೈರೋಪ್ಲೇನ್. ಅದರ ತಲೆಯ ಮೇಲೆ ತಿರುಗುವ ರೆಕ್ಕೆಗಳಿಗೆ, ಅಂದರೆ ರೋಟರಿಗೆ, ಹಾರುವಾಗ ಎಂಜಿನ್ನಿನ ಸಂಬಂಧವೇ ಇರುವುದಿಲ್ಲ. ಹಿಂದಿನ ಪ್ರೊಪೆಲ್ಲರ್ ಯಂತ್ರವನ್ನು ದೂಡುತ್ತದೆ, ಆ ಓಟಕ್ಕೆ ಕೆಳಗಿನಿಂದ ನುಗ್ಗುವ ಗಾಳಿ ರೋಟರನ್ನು ತಿರುಗಿಸುತ್ತದೆ. ಆದರೆ 'ಗೈರೋ' ಎಂದು ಹಾಕಿಸಿದರೆ ಜನ 'ಗೈರುಹಾಜರಿ' ಅಂತ ಓದಿಕೊಂಡಾರು ಎಂದು ಸಮಿತಿ ಒಂದೇ ಸಭೆಯಲ್ಲಿ ಅದನ್ನು ಹೆಲಿಕಾಪ್ಟರ್ ಮಾಡಿ ಮುಗಿಸಿತು.

ಕಾರ್ಯಕ್ರಮದ ಪಟ್ಟಿ ಹೀಗಿದೆ: ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹದಿನಾಲ್ಕು ಜನರಿಗೆ ಸನ್ಮಾನ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಅದರ ಕೆಳಗೆ, ಬೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣದಾಗಿ, 'ಸಮಯಾವಕಾಶವಿದ್ದಲ್ಲಿ ಹಾರಾಟ'.

ಸಮಿತಿಯನ್ನು ದೂರುವಂತಿಲ್ಲ, ಜಿಲ್ಲೆಯ ಸಂಪ್ರದಾಯವೇ ಹಾಗೆ. ಶಿವಮೊಗ್ಗದ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ಕ್ಕೆ. ಪ್ರಯಾಣಿಕರ ವಿಮಾನ ಬರಲು ಶುರುವಾದದ್ದು ಆಗಸ್ಟ್ 31ಕ್ಕೆ. 3,200 ಮೀಟರ್ ರನ್‌ವೇಯೇ ಆರು ತಿಂಗಳು ಕಾದಿತ್ತು ಎಂದಮೇಲೆ, ಕೊಯ್ಲಾದ ಗದ್ದೆಯ ಅಂಚು ಕಡಿದು ಮಾಡಿದ ಪಟ್ಟಿಗೆ ಏನು ಅವಸರ? ಗೈರೋಪ್ಲೇನ್ ಕಂಡುಹಿಡಿದ ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಮೂರು ಯಂತ್ರ ಕಟ್ಟಿ ಸೋತು, ರೆಕ್ಕೆಯ ಬುಡಕ್ಕೆ ಕೀಲು ಹಾಕಿದ ನಾಲ್ಕನೆಯದನ್ನು 1923ರ ಜನವರಿಯಲ್ಲಿ ಹಾರಿಸಿದ. ಶಾಲು ಹೊದಿಸಲು ನಾಲ್ಕನೆಯದರ ತನಕ ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗಿದೆ?

ಪರವಾನಗಿಗಳು ಫೈಲಿನಲ್ಲಿ ಅಚ್ಚುಕಟ್ಟಾಗಿವೆ. ಮೈಕಿಗೆ ಪೊಲೀಸ್ ಠಾಣೆಯದು, ತಾತ್ಕಾಲಿಕ ಕರೆಂಟಿಗೆ ಮೆಸ್ಕಾಂನದು, ಫ್ಲೆಕ್ಸಿಗೆ ಪಂಚಾಯಿತಿಯದು. ಯಂತ್ರದ್ದು? 1934ರ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹಳೆಯ ಕಾಯ್ದೆಗೂ ಹೊಸದಕ್ಕೂ ಗೈರೋಪ್ಲೇನ್ ವಿಮಾನವೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪದೆ ಅದು ನೆಲ ಬಿಡುವಂತಿಲ್ಲ. "ಡಿಜಿಸಿಎ ಅಂದ್ರೆ ಎಂತದು ಮಾರಾಯ, ಡಿಸಿ ಆಫೀಸಲ್ಲೇ ಮಾಡ್ಸಿದ್ರೆ ಆಗ್ತದಲ್ಲ" ಎನ್ನುತ್ತಾರೆ ಖಜಾಂಚಿಗಳು.

ಇನ್ನು ಯಂತ್ರಪೂಜೆ. ಒಂಟಿ ಸೀಟಿನ ಯಂತ್ರದ ರೋಟರ್ ಸುಮಾರು 23 ಅಡಿ ವ್ಯಾಸದ್ದು. ಎರಡೂ ರೆಕ್ಕೆಯ ತೂಕ ಸರಿದೂಗಿಸಿ, ಈ ತುದಿಯಿಂದ ಆ ತುದಿಗೆ ಗಾಳದ ದಾರ ಬಿಗಿದು, ಅದು ರೋಟರ್ ಏತದ ಹಾಗೆ ಓಲಾಡುವ ನಟ್ಟನಡುವಿನ ಟೀಟರ್ ಬೋಲ್ಟಿನ ಮಧ್ಯಬಿಂದುವಿನ ಮೇಲೇ ಹಾಯುವಂತೆ ಹೊಂದಿಸಲು ಹುಡುಗ ಮೂರು ದಿನ ಕೂತಿದ್ದಾನೆ. ಸಮಿತಿ ಬಂದು ಒಂದು ರೆಕ್ಕೆಯ ತುದಿಗೆ ಗಂಧ, ಕುಂಕುಮ, ಅರಿಸಿನ ಮೆತ್ತುತ್ತದೆ. ಇನ್ನೊಂದು ರೆಕ್ಕೆ ಎತ್ತರಕ್ಕೆ ಹೋಗಿದೆ, ಕೈಗೆ ಎಟುಕುವುದಿಲ್ಲ, ಆದ್ದರಿಂದ ಅದಕ್ಕಿಲ್ಲ. ಮೆತ್ತಿದ್ದು 10 ಗ್ರಾಂ ಎಂದೇ ಇಟ್ಟುಕೊಳ್ಳಿ. ನಿಮಿಷಕ್ಕೆ 350 ಸುತ್ತಿನಲ್ಲಿ ರೆಕ್ಕೆಯ ತುದಿ ಗಂಟೆಗೆ 460 ಕಿ.ಮೀ. ವೇಗದಲ್ಲಿರುತ್ತದೆ, ಅಲ್ಲಿ ಕೂತ 10 ಗ್ರಾಂ ಕುಂಕುಮ ರೋಟರ್ ಹೆಡ್ಡನ್ನು ಹತ್ತಿರ ಹತ್ತಿರ ಐದು ಕಿಲೋ ಬಲದಿಂದ ಜಗ್ಗುತ್ತದೆ, ಸೆಕೆಂಡಿಗೆ ಆರು ಸಲ, ಸುತ್ತಲೂ. ರೋಟರನ್ನು ಬಾಗಿಸಿ ಯಂತ್ರ ನಡೆಸುವ ಸ್ಟಿಕ್ ಕೈಯಲ್ಲಿ ಒರಳುಗುಂಡಿನ ಹಾಗೆ ಗಿರ್ರೆನ್ನುತ್ತದೆ. ರೆಕ್ಕೆಗೆ ಹೊಸ ಬಣ್ಣ ಬಳಿದರೂ, 'ಶುಭ ಕೋರುವವರು' ಸ್ಟಿಕ್ಕರ್ ಅಂಟಿಸಿದರೂ ತೂಕವನ್ನು ಮೊದಲಿನಿಂದ ನೋಡಲೇಬೇಕು. ಸ್ಟಿಕ್ಕರುಗಳು ಈಗಾಗಲೇ ಬಂದಿವೆ. ಒಂದೊಂದು ಮೊಳ.

ನಿಂಬೆಹಣ್ಣಿನದು ಬೇರೆ ಚರ್ಚೆ. ನಾಲ್ಕು ತಂದಿದ್ದರು, ಚಕ್ರ ಮೂರೇ. ಕೊನೆಗೆ ಬಾಲದಡಿ ನೆಲಕ್ಕೆ ತಾಗದಂತೆ ಇರುವ ಪುಟಾಣಿ ಚಕ್ರವನ್ನು ಯಾರೋ ಕಂಡುಹಿಡಿದರು. ಇಡೀ ತಪಾಸಣೆಯಲ್ಲಿ ಸಮಿತಿ ಬಗ್ಗಿ ನೋಡಿದ್ದು ಅದೊಂದನ್ನೇ.

ಸನ್ಮಾನದ ಸಾಮಗ್ರಿಯನ್ನೂ ಒಮ್ಮೆ ನೋಡಿಬಿಡಿ: ಜರಿ ಶಾಲು, ಮೈಸೂರು ಪೇಟ, ಚೆಂಡುಹೂವಿನ ಹಾರ. ಸೀಟು ತೆರೆದದ್ದು, ಪ್ರೊಪೆಲ್ಲರ್ ಇರುವುದು ಬೆನ್ನ ಹಿಂದೆ. ಸಡಿಲವಾದದ್ದು ಏನಿದ್ದರೂ ಗಾಳಿ ಅದನ್ನು ಅಲ್ಲಿಗೇ ಒಯ್ಯುತ್ತದೆ. ಈ ಯಂತ್ರ ಹಾರಿಸುವವರು ಜೇಬಿಗೆ ಜಿಪ್ ಹಾಕಿಸಿಕೊಳ್ಳುತ್ತಾರೆ, ಕನ್ನಡಕಕ್ಕೆ ದಾರ ಕಟ್ಟುತ್ತಾರೆ. ಇಲ್ಲಿ ವೀಡಿಯೋದವರ ಬೇಡಿಕೆ, ಶಾಲು ಹೊದ್ದೇ ಹಾರಬೇಕು ಎಂದು.

ಅತಿ ಮುಖ್ಯವಾದದ್ದು ತೂಗುಹಾಕಿ ನೋಡುವುದು. ರೆಕ್ಕೆ ಬಿಚ್ಚಿ, ಟೀಟರ್ ಬೋಲ್ಟಿಗೆ ಚೈನ್ ಪುಲ್ಲಿ ಸಿಕ್ಕಿಸಿ, ಹಾರಿಸುವವನನ್ನೇ ಹೆಲ್ಮೆಟ್ ಸಮೇತ ಕೂರಿಸಿ ಇಡೀ ಯಂತ್ರವನ್ನು ನೆಲದಿಂದ ಒಂದು ಗೇಣು ಎತ್ತಬೇಕು. ಮೂತಿ ಎಷ್ಟು ಡಿಗ್ರಿ ಬಾಗಿತು ಎಂದು ಅಳೆದು ನಕ್ಷೆಯ ಲೆಕ್ಕಕ್ಕೆ ಹೋಲಿಸಬೇಕು, ಟ್ಯಾಂಕು ತುಂಬಿದಾಗ ಒಮ್ಮೆ, ಬರಿದಾದಾಗ ಒಮ್ಮೆ. ಮೂತಿ ಭಾರವಾದರೆ ಇಳಿಯುವಾಗ ಸ್ಟಿಕ್ಕನ್ನು ಹೊಟ್ಟೆಗೆ ಒತ್ತಿ ಎಳೆದರೂ ಮುಖ ಏಳುವುದಿಲ್ಲ. ಬಾಲ ಭಾರವಾದರೆ ಪೂರ್ತಿ ಮುಂದಕ್ಕೆ ತಳ್ಳಿದರೂ ಬಗ್ಗುವುದಿಲ್ಲ. ಆಮೇಲೆ ಇನ್ನೊಂದು ಜಾಗದಿಂದ ತೂಗುಹಾಕಿ, ಎರಡು ಸಲವೂ ತೂಗುಗುಂಡಿನ ಗೆರೆ ಎಳೆದರೆ, ಗೆರೆಗಳು ಸೇರುವಲ್ಲಿ ಗುರುತ್ವಕೇಂದ್ರ. ಪ್ರೊಪೆಲ್ಲರ್ ದೂಡುವ ಗೆರೆ ಅದಕ್ಕಿಂತ ತೀರ ಮೇಲಿದ್ದರೆ ಅನಾಹುತ ಅಲ್ಲೇ ಕೂತಿದೆ ಎಂದರ್ಥ. ಗಾಳಿಯ ಒಂದು ಜೋಲಿಗೋ, ಸ್ಟಿಕ್ಕನ್ನು ರಪ್ಪನೆ ಮುಂದಕ್ಕೆ ದೂಡಿದ್ದಕ್ಕೋ ರೋಟರಿನ ಮೇಲಿನ ಭಾರ ಕಳಚಿತೆನ್ನಿ. ಎಂಜಿನ್ನಿನ ದೂಡು ಯಂತ್ರವನ್ನು ಮೂತಿ ಅಡಿಯಾಗಿ ಮಗುಚುತ್ತದೆ. ಸುತ್ತು ಕಳೆದುಕೊಂಡ ರೋಟರ್ ಬಾಲಕ್ಕೆ ಬಡಿಯುತ್ತದೆ. ಎರಡು ಸೆಕೆಂಡಿನ ವ್ಯವಹಾರ, ರಿಪೇರಿ ಇಲ್ಲ. ಬಾಲದಲ್ಲಿ ತಕ್ಕಷ್ಟು ಅಗಲದ ಅಡ್ಡಪಟ್ಟಿ ಇದ್ದರೆ ಆ ಮಗುಚುವಿಕೆಗೆ ತಡೆ ಸಿಗುತ್ತದೆ. ಇಲ್ಲಿಯೂ ಒಂದು ಅಡ್ಡಪಟ್ಟಿ ಬಂದಿದೆ, ದಾನಿಗಳ ಹೆಸರಿನದು, ಬಟ್ಟೆಯದು, ಬಾಲದ ಚುಕ್ಕಾಣಿಯಾದ ರಡ್ಡರಿಗೆ ಕಟ್ಟಿದ್ದಾರೆ.

ಯಂತ್ರದ ಲೆಕ್ಕವೆಲ್ಲ 72 ಕಿಲೋ ತೂಗುವ ಹುಡುಗನಿಗೆ. ಫೋಟೋಕ್ಕೆ ಕೂರುವ ಮುಖ್ಯ ಅತಿಥಿಗಳನ್ನು ಯಾರೂ ತೂಗಿ ನೋಡಿಲ್ಲ.

ಮುಹೂರ್ತ ಅಭಿಜಿನ್ ಲಗ್ನಕ್ಕಿದೆ, ಅಂದರೆ ನಡು ಮಧ್ಯಾಹ್ನ. ಮೊದಲ ಸಲ ನೆಲ ಬಿಡುವ ಯಂತ್ರಕ್ಕೆ ಬೇಕಾದ್ದು ಇಬ್ಬನಿ ಹರಿದ ಮೇಲಿನ ಬೆಳಗಿನ ಒಂದೆರಡು ತಾಸು. ಎಲೆ ಅಲುಗದ, ಅಲುಗಿದರೂ ಎದುರಿನಿಂದಲೇ ಹದವಾಗಿ ಬರುವ ಗಾಳಿ. ಹನ್ನೆರಡಕ್ಕೆ ಕಾದ ಗದ್ದೆಯಿಂದ ಬಿಸಿಗಾಳಿ ಏಳುತ್ತದೆ, ಪಕ್ಕದ ತೋಟದ ತಂಪಿನ ಮೇಲೆ ಇಳಿಯುತ್ತದೆ, ಗುಡ್ಡದ ಸಂದಿಯಿಂದ ಅಡ್ಡಗಾಳಿ. ಲಗ್ನ ಬಲವಾಗಿದೆಯಂತೆ, ಗಾಳಿಯೂ ಬಲವಾಗಿದೆ.

ಎಂಜಿನ್ನನ್ನಾದರೂ ಓಡಿಸಿ ನೋಡಿದ್ದಾರೆ. ಎರಡು ಸ್ಟ್ರೋಕಿನ ರೋಟ್ಯಾಕ್ಸ್ 582, 20 ಲೀಟರ್ ಪೆಟ್ರೋಲಿಗೆ 400 ಎಂ.ಎಲ್. ಎಣ್ಣೆ. ಬಾಲವನ್ನು ಮರಕ್ಕೆ ಬಿಗಿದು, ನೀರು ಕಾಯುವ ತನಕ ನಿಧಾನಕ್ಕೆ ಬಿಟ್ಟು, ಎರಡು ಇಗ್ನಿಷನ್ನುಗಳನ್ನೂ ಒಂದೊಂದಾಗಿ ಆರಿಸಿ ನೋಡಿದ್ದು ಸರಿಯೇ. ಪೆಟ್ರೋಲ್ ಮಾತ್ರ ಉದ್ಘಾಟನೆಯ ದಿನಾಂಕ ಮೂರು ಸಲ ಮುಂದೆ ಹೋದ್ದರಿಂದ ಮಳೆಗಾಲವಿಡೀ ಕ್ಯಾನಿನಲ್ಲೇ ಇತ್ತು. ಎಥೆನಾಲ್ ಬೆರೆತ ಪೆಟ್ರೋಲ್ ಮಲೆನಾಡಿನ ತೇವ ಹೀರಿ ತಳದಲ್ಲಿ ನೀರು ಕೂಡಿಸಿಕೊಳ್ಳುತ್ತದೆ. ಗಾಜಿನ ಬಾಟಲಿಗೆ ಸುರಿದರೆ ಗೆರೆ ಕಾಣುತ್ತದೆ. ಸುರಿದವರಿಲ್ಲ.

ವಿಚಿತ್ರವೆಂದರೆ, ಸಮಿತಿಯಲ್ಲಿರುವವರೆಲ್ಲ ಅಡಿಕೆ ಬೆಳೆಗಾರರು. ಮಳೆಗಾಲದ ಹೊತ್ತಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸಿ ಬೋರ್ಡೋ ದ್ರಾವಣ ಮಾಡಿದರೆ, ಕಬ್ಬಿಣದ ಕತ್ತಿ ಅದ್ದಿ ನೋಡದೆ ಒಂದು ಕೊನೆಗೂ ಹೊಡೆಯುವವರಲ್ಲ. ಕತ್ತಿ ಕೆಂಪಾದರೆ ತಾಮ್ರ ಜಾಸ್ತಿ, ಇನ್ನಷ್ಟು ಸುಣ್ಣ. ಅಡಿಕೆಗೆ ಅಷ್ಟು ಜತನ. ಅದೇ ಜನ ಟೀಟರ್ ಬೋಲ್ಟಿನ ಕ್ಯಾಸಲ್ ನಟ್ಟಿಗೆ, ಅದು ಬಿಚ್ಚಿಕೊಳ್ಳದಂತೆ ಹಾಕುವ ಸ್ಪ್ಲಿಟ್ ಪಿನ್ ಇದೆಯೇ ಎಂದು ನೋಡಲು ಏಣಿ ಕೇಳಿದರೆ, ಏಣಿ ಸೀರಿಯಲ್ ಸೆಟ್ ಕಟ್ಟಲು ಬೇಕು ಎನ್ನುತ್ತಾರೆ.

ಹಾರುವ ಮೊದಲು ನೆಲದ ಮೇಲೆ ಓಡಿಸಿ ನೋಡುವ ದಿನ ಜನ ಸೇರಲೇಬಾರದು. ರೋಟರನ್ನು ಕೈಯಿಂದ ತಳ್ಳಿ ತಿರುಗಿಸಿ, ಸ್ಟಿಕ್ ಪೂರ್ತಿ ಹಿಂದಕ್ಕೆಳೆದು, ಆಳು ನಡೆಯುವ ವೇಗದಲ್ಲಿ ಉರುಳಬೇಕು. ರೋಟರಿನ ಸುತ್ತು ಏರಿದಷ್ಟೇ ಚಕ್ರದ ವೇಗ ಏರಿಸಬೇಕು. ರೋಟರ್ ನಿಧಾನವಿದ್ದಾಗ ಎಂಜಿನ್ ಕೊಟ್ಟು ಓಡಿಸಿದರೆ ಹಿಂದಕ್ಕೆ ಸರಿಯುವ ರೆಕ್ಕೆಗೆ ಗಾಳಿ ಸಾಲದೆ ಅದು ಕುಸಿಯುತ್ತದೆ, ಮುಂದಕ್ಕೆ ಬರುವುದು ಮೇಲಕ್ಕೆ ಹಾರುತ್ತದೆ, ಸ್ಟಿಕ್ ಕಾಲಿಗೆ ಬಡಿಯುತ್ತದೆ, ರೆಕ್ಕೆ ಹೋಗಿ ಬಾಲ ಕಡಿಯುತ್ತದೆ. ಯಂತ್ರ ನೆಲ ಬಿಡುವ ಮೊದಲೇ ಗುಜರಿ. ಡೊಳ್ಳು, ಪಟಾಕಿ, "ಹೊಡಿ ಹೊಡಿ" ಎಂಬ ಕೂಗಿನ ನಡುವೆ ರೋಟರ್ ನಿಮಿಷಕ್ಕೆ 60 ಸುತ್ತು ಮುಟ್ಟುವ ತನಕ ತಾಳ್ಮೆಯಿಂದ ಕಾಯುವುದು ಯಾವ ಹುಡುಗನಿಂದಾದೀತು?

ಸದ್ಯಕ್ಕಿರುವ ಒಂದೇ ಆಶಾಕಿರಣ ಮುಖ್ಯ ಅತಿಥಿಗಳು. ಹೊರಟಿದ್ದಾರಂತೆ. ಮೂರು ತಾಸು ತಡವಾಗುತ್ತದಂತೆ. ಆಮೇಲೆ ಹದಿನಾಲ್ಕು ಸನ್ಮಾನ. ಅಷ್ಟು ಹೊತ್ತಿಗೆ ಕತ್ತಲಾಗಿ, ಸಮಯಾವಕಾಶ ಮುಗಿದು, ಯಂತ್ರ ಇಡಿಯಾಗಿ ಕೊಟ್ಟಿಗೆಗೆ ಮರಳಿದರೆ, ಮರುದಿನ ಬೆಳಿಗ್ಗೆ ಹಲಸಿನ ಮರದ ದಪ್ಪ ಕೊಂಬೆಗೆ ಅದನ್ನು ತೂಗುಹಾಕಿ ನೋಡಬಹುದು. ಕೊಂಬೆ ಗಟ್ಟಿಯಿದೆ. ಹಗ್ಗವೂ ಇದೆ. ಚೈನ್ ಪುಲ್ಲಿಯೊಂದು ಸಿಗುತ್ತಿಲ್ಲ. ಸ್ವಾಗತ ಕಮಾನು ಎತ್ತಿ ನಿಲ್ಲಿಸಲು ಒಯ್ದವರು ಇನ್ನೂ ತಂದಿಲ್ಲ.