ಡಬಲ್ ಡಿಸ್ಕ್ ಆಮೇಲೆ, ಮೊದಲು ಆ ಹೋಸ್ ನೋಡಿ

ಹಳೆ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಬೈಕಿಗೆ ಮುಂದೆ ಡಬಲ್ ಡಿಸ್ಕ್, ಅಂದರೆ ಚಕ್ರದ ಎರಡೂ ಕಡೆ ಡಿಸ್ಕ್ ಬ್ರೇಕ್, ಹಾಕಿಸ್ಲಾ ಅಂತ ಈ ಎರಡು ತಿಂಗಳಲ್ಲಿ ಮೂರು ಜನ ಇನ್‌ಬಾಕ್ಸ್‌ಗೆ ಬಂದು ಕೇಳಿದ್ದಾರೆ. ಮೂವರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ. ಬ್ರೇಕ್ ಆಯಿಲ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ಒಬ್ಬರು ನಗುವ ಇಮೋಜಿ ಕಳಿಸಿದರು. ಇನ್ನೊಬ್ಬರು "ಅದನ್ನೂ ಬದಲಾಯಿಸ್ಬೇಕಾ ಗುರು?" ಅಂದರು. ಮೂರನೆಯವರಿಂದ ಇನ್ನೂ ಉತ್ತರ ಬಂದಿಲ್ಲ.

ನಗೋ ಹಾಗಿಲ್ಲ, ನಾನೂ ಅವರ ಪೈಕಿಯೇ. ನನ್ನದು 2010ರ ಥಂಡರ್‌ಬರ್ಡ್ ಟ್ವಿನ್‌ಸ್ಪಾರ್ಕ್. ಮುಂದೆ 280 ಎಂಎಂ ಡಿಸ್ಕ್, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಎರಡು ಪಿಸ್ಟನ್ ಕ್ಯಾಲಿಪರ್, ಹಿಂದೆ ಡ್ರಮ್. ಹತ್ತು ವರ್ಷ ಎಂಜಿನ್ ಆಯಿಲ್ ಮಾತ್ರ ಭಕ್ತಿಯಿಂದ ಹಾಕಿಸಿದೆ, ಬ್ರೇಕ್ ಕಡೆ ತಿರುಗಿಯೂ ನೋಡಲಿಲ್ಲ. ಪ್ಯಾಡ್ ಸವೆದಾಗ ಪ್ಯಾಡ್ ಹಾಕಿಸಿದ್ದು ಬಿಟ್ಟರೆ ಬೇರೇನೂ ಇಲ್ಲ.

ಅದರ ಫಲ ಸಿಕ್ಕಿದ್ದು ಚಾರ್ಮಾಡಿಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟೆವು. ಹಿಂದೆ ಹೆಂಡತಿ, ಅವಳ ಹಿಂದೆ ಬ್ಯಾಗು. ಇಳಿಜಾರಲ್ಲಿ ಒಂದೇ ಸಮನೆ ಮುಂದಿನ ಬ್ರೇಕ್ ಹಿಡಿದುಕೊಂಡೇ ಇಳಿಯುತ್ತಿದ್ದೆ, ಅದೂ ನಾಲ್ಕನೇ ಗೇರಲ್ಲಿ. ಆರೇಳು ತಿರುವು ದಾಟಿರಬೇಕು, ಲಿವರ್ ಒತ್ತಿದರೆ ಒದ್ದೆ ಸ್ಪಂಜು ಹಿಂಡಿದ ಹಾಗೆ ಮೆತ್ತಗೆ ಹೋಗಿ ಹ್ಯಾಂಡಲ್‌ಗೆ ಅಂಟಿಕೊಂಡಿತು. ಗಾಡಿ ಮಾತ್ರ ಹೋಗ್ತಾನೇ ಇದೆ. ಗೇರ್ ಇಳಿಸಿ, ಹಿಂದಿನ ಡ್ರಮ್ ಮೇಲೆ ನಿಂತು, ಹೇಗೋ ಗುಡ್ಡದ ಬದಿಗೆ ತಂದು ನಿಲ್ಲಿಸಿದೆ. ಅರ್ಧ ಗಂಟೆ ಆದ ಮೇಲೆ ಒತ್ತಿ ನೋಡಿದರೆ ಲಿವರ್ ಸರಿಯಾಗಿದೆ! ಏನೂ ಆಗೇ ಇಲ್ಲ ಅನ್ನೋ ಹಾಗೆ. ಹೆಂಡತಿ "ಬಸ್ಸಲ್ಲಿ ಬರ್ತೀನಿ" ಅಂದಳು. ತಮಾಷೆಗಲ್ಲ.

ಆಗಿದ್ದು ಇಷ್ಟೇ. ನಾವು ಹಾಕುವ ಡಾಟ್ 4 ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸದರಲ್ಲಿ ಅದು ಕುದಿಯುವುದಕ್ಕೆ ಕಡಿಮೆ ಅಂದರೂ 230 ಡಿಗ್ರಿ ಬೇಕು. ನೀರು ಸೇರಿದ ಮೇಲೆ 155ರ ಹತ್ತಿರಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಗುಳ್ಳೆ. ಎಣ್ಣೆಯನ್ನು ಒತ್ತಿ ಕುಗ್ಗಿಸೋಕಾಗಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು, ಹಾಗಾಗಿ ಲಿವರ್ ಒತ್ತಿದ್ದೆಲ್ಲ ಗುಳ್ಳೆ ಹಿಂಡುವುದಕ್ಕೇ ಹೋಗುತ್ತದೆ. ತಣ್ಣಗಾದರೆ ಗುಳ್ಳೆ ಮಾಯ. ಗಾಡಿಯದು ತಪ್ಪಲ್ಲ, ನೂರಕ್ಕೆ ನೂರು ನನ್ನದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ್ದನ್ನು ಹತ್ತು ವರ್ಷ ಬಿಟ್ಟಿದ್ದೆ.

ಬೆಂಗಳೂರಿಗೆ ಬಂದವನೇ ಮಾಡಿದ್ದೇನು? ನಿಮ್ಮ ಹಾಗೇ ಆನ್‌ಲೈನಲ್ಲಿ ದೊಡ್ಡ ಡಿಸ್ಕು, ನಾಲ್ಕು ಪಿಸ್ಟನ್ ಕ್ಯಾಲಿಪರ್ ಹುಡುಕಿದ್ದು. ಚಿನ್ನದ ಬಣ್ಣದ್ದು ಎಷ್ಟು ಚೆಂದ ಅಲ್ವಾ! (ಇಟಲಿಯ ಬ್ರೇಕ್ ಕಂಪನಿ ಬ್ರೆಂಬೊ ಹೆಸರು ಬರೆದು ಪುಡಿಗಾಸಿಗೆ ಮಾರುವುದನ್ನೆಲ್ಲ ಬ್ರೆಂಬೊ ಅಂದುಕೊಳ್ಳಬೇಡಿ. ನಕಲಿ ಮಾಲು ಬೇಕಾದಷ್ಟಿದೆ.) ಪುಣ್ಯಕ್ಕೆ ಆರ್ಡರ್ ಮಾಡುವ ಮೊದಲು ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಅವರು ಮಾತಾಡಲಿಲ್ಲ. ಲಿವರಿನಿಂದ ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಪೈಪು, ಅಂದರೆ ಬ್ರೇಕ್ ಹೋಸನ್ನು, ನನ್ನ ಮುಷ್ಟಿಯಲ್ಲಿ ಹಿಡಿಸಿ, ತಾವು ಲಿವರ್ ಒತ್ತಿದರು. ರಬ್ಬರ್ ನನ್ನ ಅಂಗೈಯೊಳಗೆ ಉಬ್ಬಿದ್ದು ಗೊತ್ತಾಯಿತು. "ನೀವು ಒತ್ತೋದು ಇಲ್ಲಿಗೆ ಹೋಗ್ತಿದೆ ಸಾರ್, ಡಿಸ್ಕಿಗಲ್ಲ" ಅಂದರು.

ಕ್ಯಾಲಿಪರ್ ಬಿಚ್ಚಿದರೆ ಇನ್ನೂ ಚೆಂದ. ಒಂದು ಪ್ಯಾಡ್ ತಗಡಿನವರೆಗೆ ಸವೆದಿದೆ, ಇನ್ನೊಂದು ಅರ್ಧಕ್ಕರ್ಧ ಹಾಗೇ ಇದೆ. ಕ್ಯಾಲಿಪರ್ ಜಾರಬೇಕಾದ ಪಿನ್ನು ಗ್ರೀಸ್ ಒಣಗಿ ಕಚ್ಚಿಕೊಂಡಿತ್ತು, ಕಟಿಂಗ್ ಪ್ಲೇಯರ್ ಹಾಕಿ ಎಳೆಯಬೇಕಾಯಿತು. ಆಯಿಲ್ ಬಣ್ಣ ತಿಳಿ ಜೇನಿನ ಹಾಗಿರಬೇಕು, ನನ್ನದು ಫಿಲ್ಟರ್ ಕಾಫಿ ಡಿಕಾಕ್ಷನ್. ಅಂದರೆ ನಾನು ಇಷ್ಟು ವರ್ಷ ಅರ್ಧ ಬ್ರೇಕಲ್ಲಿ ಓಡಾಡುತ್ತಿದ್ದೆ. "ಹಳೆ ಗಾಡಿ, ಬ್ರೇಕ್ ಇಷ್ಟೇ" ಅಂತ ಬೇರೆಯವರಿಗೂ ಹೇಳುತ್ತಿದ್ದೆ!

ಮಾಡಿಸಿದ್ದು: ಕ್ಯಾಲಿಪರ್ ಪೂರ್ತಿ ಬಿಚ್ಚಿ ಕ್ಲೀನ್, ಹೊಸ ಸೀಲು, ಪಿನ್ನಿಗೆ ಸಿಲಿಕೋನ್ ಗ್ರೀಸ್, ಒಳ್ಳೆ ಪ್ಯಾಡು, ಡಾಟ್ 4, ಮತ್ತೆ ಸ್ಟೀಲ್ ಬ್ರೇಡೆಡ್ (ಉಬ್ಬದ ಹಾಗೆ ಸ್ಟೀಲ್ ತಂತಿ ಹೆಣೆದ) ಹೋಸ್. ಹೋಸ್ ಸಿಕ್ಕಿದ್ದು ಜೆಸಿ ರೋಡಲ್ಲಿ. ಬೋಲ್ಟಿನ ಎರಡೂ ಕಡೆ ಬರುವ ತಾಮ್ರದ ವಾಷರ್ ಮಾತ್ರ ಹೊಸದೇ ಹಾಕಿಸಿ, ಹಳೆಯದು ಲೀಕ್ ಆಗುತ್ತದೆ. ಬ್ರೇಕ್ ಆಯಿಲ್ ಏನಾದರೂ ಪೆಟ್ರೋಲ್ ಟ್ಯಾಂಕ್ ಮೇಲೆ ಬಿದ್ದರೆ ಪೇಂಟ್ ಹೋಯಿತು ಅಂತ ತಿಳಿಯಿರಿ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಹೋಸಿನೊಳಗಿನ ಏರ್ ತೆಗೆದ ಮೇಲೂ ಲಿವರ್ ಸ್ವಲ್ಪ ಮೆತ್ತಗಿತ್ತು. ಅಣ್ಣ ಹಳೆ ಟ್ಯೂಬ್ ಕತ್ತರಿಸಿ ಲಿವರನ್ನು ಹ್ಯಾಂಡಲ್‌ಗೆ ಬಿಗಿದು ರಾತ್ರಿಯಿಡೀ ಬಿಟ್ಟರು. ಬೆಳಗ್ಗೆ ಗಟ್ಟಿ! ಎಲ್ಲ ಸೇರಿ ಒಂದು ಒಳ್ಳೆ ಹೆಲ್ಮೆಟ್ ದುಡ್ಡಿಗಿಂತ ಕಡಿಮೆಯೇ ಆಯಿತು.

ಹೊಸ ಪ್ಯಾಡ್ ಹಾಕಿದ ದಿನ ಹೊರಡುವ ಮುಂಚೆ ನಿಂತಲ್ಲೇ ಲಿವರ್ ಐದಾರು ಸಲ ಒತ್ತಿ. ಇಲ್ಲಾಂದ್ರೆ ಮೊದಲ ಸಿಗ್ನಲಲ್ಲಿ ಬ್ರೇಕೇ ಇರಲ್ಲ.

ಈಗ ಡಬಲ್ ಡಿಸ್ಕ್ ವಿಚಾರ. ಕ್ಯಾಲಿಪರ್ ಎರಡಾದರೆ ಒತ್ತಬೇಕಾದ ಆಯಿಲೂ ಎರಡು ಪಟ್ಟು. ಲಿವರ್ ಪಕ್ಕದಲ್ಲಿದ್ದು ಆಯಿಲ್ ಒತ್ತುವ ಹಳೆ ಮಾಸ್ಟರ್ ಸಿಲಿಂಡರನ್ನೇ ಇಟ್ಟುಕೊಂಡರೆ ಲಿವರ್ ಹ್ಯಾಂಡಲ್‌ವರೆಗೂ ಬರುತ್ತದೆ. ಸರಿ, ದೊಡ್ಡ ಮಾಸ್ಟರ್ ಹಾಕೋಣ ಅಂತ ಒಂದೇ ಕ್ಯಾಲಿಪರಿನ ಗಾಡಿಗೂ ತಂದು ಹಾಕುವವರಿದ್ದಾರೆ, ನೋಡೋಕೆ ಚೆನ್ನಾಗಿದೆ ಅಂತ. ಮಾಸ್ಟರಿನ 11 ಎಂಎಂ ಪಿಸ್ಟನ್ ತೆಗೆದು 14 ಎಂಎಂ ಹಾಕಿದರೆ, ಅದೇ ಬೆರಳಿನ ಬಲಕ್ಕೆ ಹುಟ್ಟುವ ಒತ್ತಡ ಸುಮಾರು 62 ಪರ್ಸೆಂಟ್‌ಗೆ ಇಳಿಯುತ್ತದೆ. ಲಿವರ್ ಕಲ್ಲಿನ ಹಾಗೆ ಗಟ್ಟಿ, ಬ್ರೇಕ್ ಮಾತ್ರ ಮೊದಲಿಗಿಂತ ಕಡಿಮೆ. ದುಡ್ಡು ಕೊಟ್ಟು ಬ್ರೇಕ್ ಕಳೆದುಕೊಂಡ ಹಾಗೆ. ಜೊತೆಗೆ ಮುಂದಿನ ಚಕ್ರ ಹಿಡಿದಿರುವ ಎಡಗಡೆ ಫೋರ್ಕು, ಹಬ್ಬು, ಎಲ್ಲ ಬದಲಾಗಬೇಕು. ಗಾಡಿಯನ್ನು ಮಾರ್ಪಡಿಸುವ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ಇನ್ಶೂರೆನ್ಸಿನವರ ಪ್ರಶ್ನೆ, ಅವು ಬೇರೆ.

ಇಷ್ಟೆಲ್ಲ ಮಾಡಿದರೂ ನೆಲ ಹಿಡಿಯೋದು 19 ಇಂಚಿನ ಆ ಸಣಕಲು ಟೈರ್ ತಾನೇ? ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ನಮ್ಮ ಗಾಡಿಗಳಲ್ಲಿ ಇಲ್ಲ. 125 ಸಿಸಿ ಮೇಲಿನ ಗಾಡಿಗಳಿಗೆಲ್ಲ ಅದು ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಒದ್ದೆ ರಸ್ತೆಯಲ್ಲಿ ಎರಡು ಡಿಸ್ಕ್ ಜೋರಾಗಿ ಕಚ್ಚಿದರೆ ಮುಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ಟೈರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಆ ದುಡ್ಡನ್ನು ಅದಕ್ಕೆ ಹಾಕಿ.

ಒಂದು ಮಾತು ಒಪ್ಪುತ್ತೇನೆ. ಮುಂದೆ ಡ್ರಮ್ ಇರುವ ಹಳೆ ಬುಲೆಟ್ಟಿನವರ ಕಥೆ ಬೇರೆ, ಅವರು ಡಿಸ್ಕ್ ಬೇಕು ಅಂದರೆ ನಾನು ಬೇಡ ಅನ್ನಲ್ಲ. ಡಿಸ್ಕ್ ಇರುವವರಿಗೇ ನಾನು ಹೇಳ್ತಿರೋದು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಕೊರೆದಿರುತ್ತಾರೆ, ಒರೆಸಿ ಓದಿ, ಅಳೆದು ನೋಡಿ.

ಹೋದ ತಿಂಗಳು ಮತ್ತೆ ಚಾರ್ಮಾಡಿ ಇಳಿದೆ, ಎರಡನೇ ಗೇರಲ್ಲಿ, ಎರಡು ಬೆರಳಲ್ಲಿ ಬ್ರೇಕ್. ಹೆಂಡತಿಯೂ ಹಿಂದೆ ಇದ್ದಳು. ಬ್ರೇಕ್ ಚೆನ್ನಾಗಿ ಹಿಡಿಯೋಕೆ ಶುರುವಾದ ಮೇಲೆ ಹೊಸ ರಾಗ ಒಂದು ಕೇಳಿಸ್ತಿದೆ. ಜೋರಾಗಿ ಹಿಡಿದರೆ ಮೂತಿ ಪೂರ್ತಿ ಕೆಳಗೆ ಕುಕ್ಕುತ್ತದೆ. ನಿನ್ನೆ ಬಗ್ಗಿ ನೋಡಿದರೆ ಬಲಗಡೆ ಫೋರ್ಕಿನ ಮೇಲೆ ಆಯಿಲ್ ಜಿನುಗಿದ ಗೆರೆ. ಸೀಲ್ ಹೋಗಿದೆ, ಭಾನುವಾರ ಅಣ್ಣನ ಹತ್ತಿರ ಹೋಗಬೇಕು.