ಒಂದೇ ಸೂರಿನಡಿಯ ಕಚೇರಿಗಳು

ಮಂಗಳೂರಿನ ಬಜ್ಪೆಯಲ್ಲಿ ಇಳಿಯುವ ವಿಮಾನದ ಕಿಟಕಿಯ ಪಕ್ಕ ಕುಳಿತವರಿಗೆ, ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಸಿದ ಆ ರನ್‌ವೇ ಮುಗಿದಲ್ಲಿ ನೆಲವೂ ಮುಗಿಯುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ಅಂಚನ್ನು ದಾಟಿ ಕಮರಿಗೆ ಬಿದ್ದಾಗ, ಅದರಲ್ಲಿದ್ದ 166 ಜನರ ಪೈಕಿ ಬದುಕುಳಿದವರು 8 ಮಂದಿ ಮಾತ್ರ. ಕಾಕ್‌ಪಿಟ್‌ನ ಧ್ವನಿಮುದ್ರಣ ಎರಡು ಗಂಟೆ ಐದು ನಿಮಿಷದ್ದು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಮಾತುಕತೆಯೇ ಇಲ್ಲ, ನಡುನಡುವೆ ಕೇಳಿಸುವುದು ನಿದ್ದೆಹೋದ ಕ್ಯಾಪ್ಟನ್‌ನ ಗೊರಕೆ. ಕೊನೆಯಲ್ಲಿ ಸಹಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರು, ಎಂದು ಎಚ್ಚರಿಸಿದ್ದೂ ದಾಖಲಾಗಿದೆ.

ಪೈಲಟ್‌ನ ತಪ್ಪು ಎಂದು ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ಆದರೆ ರನ್‌ವೇಯ ಆಚೆ, ಆಂಟೆನಾಗಳಿಗೆಂದು ಕಟ್ಟಿದ್ದ ಕಾಂಕ್ರೀಟ್ ರಚನೆಗೆ ವಿಮಾನದ ಬಲರೆಕ್ಕೆ ಬಡಿದಿತ್ತು. ಅಂಥ ಜಾಗದಲ್ಲಿರುವುದೆಲ್ಲ ವಿಮಾನ ತಾಗಿದೊಡನೆ ಮುರಿದು ಬೀಳುವಂತಿರಬೇಕು. ಅದನ್ನು ಕಟ್ಟಿಕೊಂಡಿದ್ದ ವಿಮಾನ ನಿಲ್ದಾಣ, ಹಾರಿಸುತ್ತಿದ್ದ ಕಂಪನಿ, ಇಬ್ಬರ ಮೇಲೂ ಕಣ್ಣಿಡಬೇಕಿದ್ದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ಕೊನೆಗೆ ತನಿಖಾ ಸಮಿತಿಯನ್ನು ನೇಮಿಸಿದವರು, ಎಲ್ಲರೂ ಆಗ ಒಂದೇ ಸಚಿವಾಲಯದವರು. ಬೇಲಿಯೂ ಹೊಲವೂ ಒಬ್ಬನದೇ ಆದಾಗ ಮೇಯ್ದದ್ದು ಯಾರು ಎಂದು ಕೇಳುವವರು ಯಾರು?

ಆ ಮೇಲೆ ಏನೂ ಆಗಲಿಲ್ಲ ಎಂದರೆ ತಪ್ಪಾದೀತು. 2012ರಲ್ಲಿ ಅಪಘಾತ ತನಿಖೆಗೆ ಪ್ರತ್ಯೇಕ ಬ್ಯೂರೋ ಬಂತು, ಆದರೆ ಅದೇ ಸಚಿವಾಲಯದ ಅಡಿಯಲ್ಲಿ. ಅಮೆರಿಕವಾದರೋ ತನ್ನ ಅಪಘಾತ ತನಿಖಾ ಮಂಡಳಿಯನ್ನು ಸಾರಿಗೆ ಇಲಾಖೆಯಿಂದ ಬೇರ್ಪಡಿಸುವ ಕಾನೂನನ್ನು 1974ರಲ್ಲೇ ಮಾಡಿತ್ತು. ನಮ್ಮಲ್ಲಿ ಡಿಜಿಸಿಎ ಬದಲಿಗೆ ಹೆಚ್ಚು ಸ್ವಾಯತ್ತ ಪ್ರಾಧಿಕಾರ ತರುವ ಮಸೂದೆ 2013ರಲ್ಲಿ ಲೋಕಸಭೆಗೆ ಬಂದು, ಮರುವರ್ಷ ಸದನದ ಅವಧಿಯೊಂದಿಗೇ ರದ್ದಾಯಿತು. ಅದೇ 2014ರ ಜನವರಿಯಲ್ಲಿ ಅಮೆರಿಕ ನಮ್ಮ ಸುರಕ್ಷತಾ ದರ್ಜೆಯನ್ನು ಇಳಿಸಿತು. ತಪಾಸಣಾಧಿಕಾರಿಗಳ ಕೊರತೆ ಅದಕ್ಕೊಂದು ಕಾರಣ. ದರ್ಜೆ ಮರಳಿದ್ದು 2015ರ ಏಪ್ರಿಲ್‌ನಲ್ಲಿ. ಇಷ್ಟಾದರೂ ಅಹಮದಾಬಾದ್ ದುರಂತದ ನಂತರ, 2025ರಲ್ಲಿ, ಸಂಸದೀಯ ಸಮಿತಿ ಲೆಕ್ಕ ಹಾಕಿದಾಗ ಡಿಜಿಸಿಎಯ ಮಂಜೂರಾದ 1,063 ಹುದ್ದೆಗಳಲ್ಲಿ ಭರ್ತಿಯಾಗಿದ್ದುದು 553. ಖಾಲಿ ಕುರ್ಚಿ ಯಾವ ಹ್ಯಾಂಗರಿಗೆ ಹೋಗಿ ತಪಾಸಣೆ ಮಾಡೀತು? 2025ರ ಜನವರಿಯಿಂದ ಜಾರಿಯಲ್ಲಿರುವ ಭಾರತೀಯ ವಾಯುಯಾನ ಅಧಿನಿಯಮವೂ ಡಿಜಿಸಿಎ ಮೇಲಿನ ಹಿಡಿತವನ್ನು ಕೇಂದ್ರ ಸರ್ಕಾರದ ಕೈಯಲ್ಲೇ ಉಳಿಸಿದೆ.

ಇದರ ಫಲವನ್ನು ನಾವು ಕಂಡದ್ದು 2025ರ ಡಿಸೆಂಬರ್‌ನಲ್ಲಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮ ಬರುವುದು 2024ರ ಜನವರಿಯಿಂದಲೇ ಎಲ್ಲರಿಗೂ ಗೊತ್ತಿತ್ತು. ಸಿದ್ಧವಾಗದ ಇಂಡಿಗೋ ಸಾವಿರಾರು ಹಾರಾಟ ರದ್ದುಮಾಡಿತು. ಬೆಂಗಳೂರಿನ ನಿಲ್ದಾಣದಲ್ಲಿ ಜನ ಸೂಟ್‌ಕೇಸಿಗೇ ತಲೆಯಿಟ್ಟು ಮಲಗಿದರು. ಅವರ ಸಿಟ್ಟು ನ್ಯಾಯವಾದದ್ದೇ. ಅಲ್ಲಿದ್ದಿದ್ದರೆ ನಾನೂ ಕೂಗಾಡುತ್ತಿದ್ದೆನೇನೋ. ಆದರೆ ಡಿಜಿಸಿಎ ಕೆಲವೇ ದಿನಗಳಲ್ಲಿ ಸಡಿಲಿಸಿದ್ದು ಆ ವಿಶ್ರಾಂತಿಯ ಮತ್ತು ರಾತ್ರಿ ಪಾಳಿಯ ನಿಯಮಗಳನ್ನೇ. ಬಜ್ಪೆಯ ಆ ವಿಮಾನವೂ ದುಬೈ ಬಿಟ್ಟದ್ದು ನಡುರಾತ್ರಿ ಕಳೆದ ಮೇಲೆ.